ಕಡಲಮ್ಮನ ಸೊಸೆ ಬಿಸಿಲಮ್ಮ

ಆಗಿನ್ನೂ ಲೋಕದ ಬಣ್ಣ ಒಣಗಿರಲಿಲ್ಲ. ಬೆಟ್ಟ ಮುಟ್ಟಿದರೆ ಬೆರಳಿಗೆ ನೀಲಿ ಅಂಟುತ್ತಿತ್ತು, ಹುಲ್ಲು ಮುಟ್ಟಿದರೆ ಹಸಿರು ಅಂಟುತ್ತಿತ್ತು. ನದಿಗಳಿಗೆ ಯಾವ ಕಡೆ ಹರಿಯಬೇಕು ಅಂತಲೇ ಗೊತ್ತಿರಲಿಲ್ಲ, ಎದುರು ಸಿಕ್ಕವರನ್ನೆಲ್ಲ ದಾರಿ ಕೇಳುತ್ತಿದ್ದವು. ಗಾಳಿ ಮಾತಾಡುತ್ತಿತ್ತು, ಕಲ್ಲು ಮಾತಾಡುತ್ತಿತ್ತು, ಗುಬ್ಬಿಯಂತೂ ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಆ ಕಾಲದಲ್ಲಿ, ಸುರಗಿ, ನನ್ನ ಮುದ್ದು ಮೊಮ್ಮಗಳೇ, ನಾನೂ ನೀನೂ ಈಗ ಕೂತಿದ್ದೀವಲ್ಲ ಈ ಇಂಗ್ಲೆಂಡು, ಇದು ಮದುವೆ ವಯಸ್ಸಿನ ಒಬ್ಬ ಹುಡುಗ. ಹೆಸರು ದ್ವೀಪರಾಯ. ನಗಬೇಡ ಕಣೇ, ನಿಜವಾಗಿ! ಅವನ ತಾಯಿ ಕಡಲಮ್ಮ.

ಕಡಲಮ್ಮನಿಗೆ ಮಗ ಅಂದರೆ ಪಂಚಪ್ರಾಣ. ನಾಲ್ಕೂ ಕಡೆಯಿಂದ ತಬ್ಬಿಕೊಂಡೇ ಇರುತ್ತಿದ್ದಳು. ದ್ವೀಪರಾಯ ಈ ಕಡೆ ತಿರುಗಿದರೂ ಅಮ್ಮ, ಆ ಕಡೆ ತಿರುಗಿದರೂ ಅಮ್ಮ. ಪಾಪ, ಹುಡುಗ ತಾನೇ ಏನು ಮಾಡ್ತಾನೆ? ಅಮ್ಮ ಹೇಳಿದ್ದಕ್ಕೆಲ್ಲ "ಹೂಂ" ಅಂದುಕೊಂಡಿದ್ದ.

ಕಡಲಮ್ಮ ಕೆಟ್ಟವಳಲ್ಲ. ಕರುಳು ಬಲು ಮೆತ್ತಗೆ. ಆದರೆ ಬಾಯಿ? ಅಬ್ಬಬ್ಬಾ! ಬಾಯಿ ತೆರೆದರೆ ಗೊಣಗಾಟ. ಬೆಳಗ್ಗೆ ಎದ್ದರೆ "ಅಪ್ಪಾ, ಏನು ಮಂಜು ಇದು!" ಮಧ್ಯಾಹ್ನವಾದರೆ "ಏನು ಗಾಳಿಯಪ್ಪಾ ಇದು!" ಸಂಜೆಗೆ ಗೊಣಗಲು ಏನೂ ಸಿಗದಿದ್ದರೆ, "ಇವತ್ತು ಯಾಕೋ ಎಲ್ಲಾ ಸರಿಯಾಗಿದೆ, ನಾಳೆ ಏನು ಕಾದಿದೆಯೋ" ಅಂತ ಅದಕ್ಕೂ ಗೊಣಗುತ್ತಿದ್ದಳು.

ಅವಳಿಗೆ ಒಬ್ಬಳು ಮಗಳೂ ಇದ್ದಳು, ಮಳೆ. ಅವಳು ನಡುಮನೆಯಲ್ಲಿ ಕಾಲು ಚಾಚಿ ಕೂತರೆ ಎದ್ದು ಹೋಗುವ ಮಾತೇ ಇಲ್ಲ. ಬೆಳಗಿಂದ ಸಂಜೆಯವರೆಗೆ ಪಿಟಿಪಿಟಿ, ಪಿಟಿಪಿಟಿ.

ಮನೆ ಅಂದಮೇಲೆ ಒಂದಿಷ್ಟು ಬೆಳಕು ಬೇಡವೇ? ಕಡಲಮ್ಮ ಮಗನಿಗೆ ಹೆಣ್ಣು ಹುಡುಕಿದಳು. ತೆಂಕಣ ದೇಶದಲ್ಲಿ ಸೂರ್ಯಪ್ಪನ ಮಗಳು ಬಿಸಿಲಮ್ಮ ಸಿಕ್ಕಳು. ಎಳೇ ಹುಡುಗಿ, ಅರಿಸಿನದ ಮೈಬಣ್ಣ, ನಕ್ಕರೆ ಊರಿಗೂರೇ ಬೆಳಗಾಗುತ್ತಿತ್ತು.

ಮದುವೆಯಾಯಿತು. ಬಿಸಿಲಮ್ಮ ಹೊಸಿಲ ಮೇಲಿದ್ದ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದು ಗಂಡನ ಮನೆಯೊಳಕ್ಕೆ ಬಂದಳು. ಚೆಲ್ಲಿದ ಅಕ್ಕಿಕಾಳೆಲ್ಲ ಹುಲ್ಲಿನೊಳಗೆ ಉರುಳಿ ಹಳದಿ ಹೂವಾಗಿ ಎದ್ದವು. ಅವಳು ಓಡಾಡಿದ ಕಡೆಯೆಲ್ಲ ಗೋಧಿ ಮೊಳೆಯಿತು. ದ್ವೀಪರಾಯ ಹುಟ್ಟಿದ ಮೇಲೆ ಮೊದಲ ಸಲ ಕಂಬಳಿ ತೆಗೆದಿಟ್ಟ.

ಸೂರಿನಡಿ ಗೂಡು ಕಟ್ಟಿದ್ದ ಗುಬ್ಬಕ್ಕ ಇದನ್ನೆಲ್ಲ ನೋಡಿದಳು. "ಇಂಥ ಸೊಸೆ ಇರೋ ಮನೇಲಿ ಧೈರ್ಯವಾಗಿ ಮೊಟ್ಟೆ ಇಡಬಹುದು" ಅಂದಳು. ಇಟ್ಟೇಬಿಟ್ಟಳು.

ಕಡಲಮ್ಮನಿಗೂ ಒಳಗೊಳಗೇ ಹಿಗ್ಗು. ಎಷ್ಟೋ ಕಾಲದಿಂದ ತಣ್ಣಗೆ ಕೊರೆಯುತ್ತಿದ್ದ ಬೆನ್ನು ಬೆಚ್ಚಗಾಗಿತ್ತು. ಆದರೆ ಬಾಯಿ ಬಿಟ್ಟು ಹೇಳಿಯಾಳೇ? "ಅಯ್ಯೋ, ಸೆಕೆ! ಏನು ಹುಡುಗಿಯಮ್ಮಾ! ಬಂದಾಗಿನಿಂದ ಬೆವರೋ ಬೆವರು. ನನ್ನ ನೀರೆಲ್ಲ ಆವಿಯಾಗಿ ಹೋಯ್ತು!"

ಬಿಸಿಲಮ್ಮ ಇದನ್ನು ಕೇಳಿದಳು. ಹೊಸ ಸೊಸೆ, ಅತ್ತೆಯ ಸ್ವಭಾವ ಅವಳಿಗೆ ಹೇಗೆ ಗೊತ್ತಾಗಬೇಕು? "ಅತ್ತೆಗೆ ನಾನು ಬೇಡವಾಗಿದ್ದೀನಿ" ಅಂದುಕೊಂಡು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಅತ್ತೆ ಮತ್ತು ಹೊಸ ಸೊಸೆ ಒಂದೇ ಹೊಸಿಲು ದಾಟಬಾರದು ಅಂತ ನಮ್ಮಲ್ಲಿ ಶಾಸ್ತ್ರ ಇದೆಯಲ್ಲ, ನಿಮ್ಮಮ್ಮನೂ ಹಾಗೇ ತವರಿಗೆ ಹೋಗಿದ್ದಳು. ಆ ಶಾಸ್ತ್ರ ಶುರುವಾಗಿದ್ದು ಆಗಲೇ. ಬಿಸಿಲಮ್ಮನನ್ನು ಕರೆದುಕೊಂಡು ಹೋಗಲು ಅವಳ ಅಣ್ಣ, ತೆಂಕಣ ಗಾಳಿ, ಬುಸ್ಸೆಂದು ಬಂದಿಳಿದ.

ಹೊರಡುವಾಗ ಬಿಸಿಲಮ್ಮ ಅತ್ತೆಯ ಕಾಲಿಗೆ ಬಿದ್ದಳು. "ಬೇಗ ಬಂದುಬಿಡು ಮಗಳೇ" ಅನ್ನುತ್ತಾಳೇನೋ ಅಂತ ಒಂದು ಗಳಿಗೆ ತಲೆ ತಗ್ಗಿಸಿಕೊಂಡೇ ಕಾದಳು. ಕಡಲಮ್ಮನಿಗೂ ಅದೇ ಮಾತು ಆಡುವ ಆಸೆ. ಆದರೂ ಹೇಳಿದ್ದೇನು ಗೊತ್ತೇ? "ಹೂಂ, ಹೋಗು. ಇನ್ನಾದರೂ ಮನೆ ತಣ್ಣಗಿರುತ್ತೆ."

ಸರಿಹೋಯ್ತು! ಬಿಸಿಲಮ್ಮ ದಾರಿಯುದ್ದಕ್ಕೂ ಅತ್ತಳು.

ಆಷಾಢ ಕಳೆಯಿತು, ಶ್ರಾವಣ ಹುಟ್ಟಿತು. ಇನ್ನು ಗಂಡನ ಮನೆಯವರು ಸೀರೆ ಹೂವು ತಗೊಂಡು ಹೋಗಿ ಸೊಸೆಯನ್ನು ಕರೆತರಬೇಕು. ಅದು ಕ್ರಮ. ಕಡಲಮ್ಮ ಜಗ್ಗಲಿಲ್ಲ. "ನಾನ್ಯಾಕೆ ಕರೀಲಿ? ಅವಳಿಗೆ ದಾರಿ ಗೊತ್ತಿಲ್ವಾ?" ಅಂದಳು. ಅತ್ತ ಸೂರ್ಯಪ್ಪನೂ ಜಗ್ಗಲಿಲ್ಲ. "ಕರೆಯದೇ ಇರೋ ಮನೆಗೆ ಕಳಿಸೋಕೆ ನನಗೇನು ಮಗಳು ಭಾರವಾಗಿದ್ದಾಳಾ? ಮೊದಲು ಕರೆ ಬರಲಿ" ಅಂದ. ಹಟಕ್ಕೆ ಬಿದ್ದ ಬೀಗರನ್ನು ಸಮಾಧಾನ ಮಾಡೋದು ಬ್ರಹ್ಮನಿಗೂ ಆಗದ ಕೆಲಸ.

ಇತ್ತ ಮನೆಯ ಸ್ಥಿತಿ ಕೇಳಬೇಡ. ಗೋಧಿ ತೆನೆ ಹಸಿರಾಗಿಯೇ ನಿಂತುಬಿಟ್ಟಿತು, ಮಾಗಲೊಲ್ಲದು. ಮಾಗದಿದ್ದರೆ ಚಳಿಗಾಲಕ್ಕೆ ಯಾರಿಗೂ ಒಂದು ಕಾಳಿಲ್ಲ. ಮಳೆ ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದಳು. ದ್ವೀಪರಾಯ ಮತ್ತೆ ಕಂಬಳಿ ಹೊದ್ದ. ಗುಬ್ಬಕ್ಕನ ಮೊಟ್ಟೆಗಳು ಅದೇ ಹೊತ್ತಿಗೆ ಒಡೆದು, ರೆಕ್ಕೆಪುಕ್ಕ ಬಾರದ ಮರಿಗಳು ಗೂಡಿನಲ್ಲಿ ಗಡಗಡ ನಡುಗುತ್ತಿದ್ದವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಇಲ್ಲಿ ಬೀಗರ ಜಗಳದಲ್ಲಿ ಗುಬ್ಬಿಮರಿ ಬಡವಾಯಿತು.

ಗುಬ್ಬಕ್ಕ ತಡೆಯಲಾರದೆ ಕಡಲಮ್ಮನ ಹತ್ತಿರ ಹಾರಿ ಹೋದಳು. "ಕಡಲಮ್ಮಾ, ನಿನ್ನ ಸೊಸೇನ ಕರೆಸು. ನಿನ್ನ ದಮ್ಮಯ್ಯ."

"ನನಗೇನು ಬೇಕಾಗಿಲ್ಲ. ನಾನು ತಣ್ಣಗೆ ಹಾಯಾಗಿದ್ದೀನಿ."

"ನೀನು ಹಾಯಾಗಿದ್ದೀಯ. ನನ್ನ ಮರಿಗಳು? ದೊಡ್ಡವು ಎರಡು ಹೇಗೋ ಚಿಂವ್ ಅಂತಿವೆ. ಚಿಕ್ಕದು ಬೆಳಗಿಂದ ಕೊಕ್ಕು ತೆರೆದಿಲ್ಲ. ನಾನು ಹುಳ ತಂದು ಬಾಯಿ ಹತ್ತಿರ ಹಿಡಿದರೂ ತೆರೀತಿಲ್ಲ. ನನ್ನ ಪುಟ್ಟ ರೆಕ್ಕೆ ಎಷ್ಟು ಅಂತ ಬೆಚ್ಚಗಿಡುತ್ತೆ, ಹೇಳು?"

ಕಡಲಮ್ಮ ಸೂರಿನಡಿಯ ಗೂಡಿನ ಕಡೆ ಕತ್ತೆತ್ತಿ ನೋಡಿದಳು. ಅವಳೂ ಮಕ್ಕಳ ತಾಯಿಯಲ್ಲವೇ?

ಆಗ ಯಾವತ್ತೂ ಅಮ್ಮನಿಗೆ ಎದುರಾಡದ ದ್ವೀಪರಾಯ ಕಂಬಳಿಯೊಳಗಿನಿಂದ ಮುಖ ಹೊರಗೆ ಹಾಕಿ, "ಅಮ್ಮಾ, ನನಗೂ ಅವಳು ಬೇಕು" ಅಂದ.

ಕಡಲಮ್ಮ ಕರೆಯಲು ನೋಡಿದಳು. ಸುಳ್ಳಲ್ಲ, ಮನಸಾರೆ ನೋಡಿದಳು. ಉಸಿರು ಎಳೆದುಕೊಂಡು ದಡದವರೆಗೂ ಬಂದಳು, ಮಾತು ಹೊರಡಲಿಲ್ಲ, ಹಿಂದಕ್ಕೆ ಹೋದಳು. ಮತ್ತೆ ಬಂದಳು, ಮತ್ತೆ ಹೋದಳು. ಜನ್ಮದಲ್ಲಿ ಒಂದು ಸಲವೂ ಆಡದ ಮಾತು, ಒಮ್ಮೆಗೇ ಬಾ ಅಂದರೆ ನಾಲಿಗೆಗೆ ಎಲ್ಲಿಂದ ಬರಬೇಕು? ಕೊನೆಗೆ ಅವಳ ಬಾಯಿಂದ ಬಂದದ್ದು ಅದೇ ಹಳೇ ಗೊಣಗಾಟ.

"ಥೂ, ಏನು ಹಾಳು ಚಳಿ ಇದು! ಒಂದು ಬಟ್ಟೆ ಒಣಗಲ್ಲ, ಒಂದು ಕಾಳು ಮಾಗಲ್ಲ. ಎಳೇ ಮರಿಗಳು ನಡುಗ್ತಾ ಇವೆ. ನನ್ನ ಮೂಳೆಯೆಲ್ಲ ನೋವು. ಆ ಹುಡುಗಿ ಇದ್ದಾಗ ಈ ಹೊತ್ತಿಗೆ ನನ್ನ ಬೆನ್ನು ಬೆಚ್ಚಗಿರ್ತಿತ್ತು. ಯಾರ ಹತ್ರ ಹೇಳಿಕೊಳ್ಳಲಿ ನನ್ನ ಕರ್ಮ!"

ತೆಂಕಣ ಗಾಳಿ ಆ ದಾರಿಯಲ್ಲೇ ಹೋಗುತ್ತಿದ್ದ. ಗಾಳಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ? ಓಡಿದ ನೋಡು! ತವರಿನಲ್ಲಿ ಜಗಲಿ ಮೇಲೆ ಮಂಕಾಗಿ ಕೂತಿದ್ದ ತಂಗಿಗೆ ಒಂದಕ್ಷರ ಬಿಡದೆ ಒಪ್ಪಿಸಿದ.

ಬಿಸಿಲಮ್ಮ ದಡಬಡನೆ ಎದ್ದು ನಿಂತಳು. "ಅಪ್ಪಾ, ನನ್ನ ಅತ್ತೆ ಕರೆ ಕಳಿಸಿದ್ದಾರೆ."

ಸೂರ್ಯಪ್ಪ ಹುಬ್ಬು ಗಂಟಿಕ್ಕಿದ. "ಇದನ್ನ ಕರೆ ಅಂತಾರಾ? ಇದು ಗೊಣಗಾಟ."

"ನಿಮಗೆ ಅವರು ಗೊತ್ತಿಲ್ಲ ಅಪ್ಪಾ. ಅವರಿಗೆ ಬರೋ ಭಾಷೆ ಇದೊಂದೇ. ನಾನು ಪೆದ್ದಿ, ಇಷ್ಟು ದಿನ ಅರ್ಥವಾಗಲಿಲ್ಲ. ನಾನಿದ್ದಾಗ ಬೆನ್ನು ಬೆಚ್ಚಗಿರ್ತಿತ್ತು ಅಂದರಂತೆ, ಕೇಳಿದಿರಾ?" ಅಂತ ಅಳುತ್ತಾ ನಗುತ್ತಾ ಹೇಳಿದಳು.

ಮಗಳ ಮುಖ ನೋಡಿ ಸೂರ್ಯಪ್ಪ ಕರಗಿದ. ಆದರೂ ಹೆಣ್ಣು ಹೆತ್ತ ತಂದೆ, ಬಿಗುಮಾನ ಬಿಡಲು ಮನಸ್ಸಿಲ್ಲ. "ಆಯ್ತು, ಹೋಗು. ಆದರೆ ಸೀರೆ ಹೂವು ತಂದು ಕರೆದಿಲ್ಲ, ನೆನಪಿರಲಿ. ನಿನ್ನ ಅತ್ತೆ ಸೆಕೆ ಅಂತ ಒಂದು ಮಾತು ಅಂದರೂ ಅಲ್ಲಿ ನಿಲ್ಲಬೇಡ, ಹೊರಟು ಬಾ. ಮತ್ತೆ ಚಳಿ ಅಂದಾಗ ಹೋಗು."

ಬಿಸಿಲಮ್ಮ ಮಾತು ಕೊಟ್ಟಳು. ಅಣ್ಣನ ಹೆಗಲೇರಿ ಓಡಿ ಬಂದಳು. ಗಂಡನನ್ನೂ ನೋಡಲಿಲ್ಲ, ಅತ್ತೆಯನ್ನೂ ನೋಡಲಿಲ್ಲ, ನೇರವಾಗಿ ಸೂರಿನಡಿಗೆ ಹೋಗಿ ಗೂಡಿನ ಮೇಲೆ ಅಂಗೈ ಇಟ್ಟಳು.

ಗುಬ್ಬಕ್ಕ ಕೊಕ್ಕಿನಲ್ಲಿ ಹುಳ ಹಿಡಿದುಕೊಂಡೇ ನೋಡಿದಳು. ಚಿಕ್ಕ ಮರಿ ಅಲುಗಲಿಲ್ಲ. ಆಮೇಲೆ ಕುತ್ತಿಗೆ ಒಂದಿಷ್ಟು ಅಲುಗಿತು. ಆಮೇಲೆ ಹಳದಿ ಕೊಕ್ಕು ಅಗಲವಾಗಿ ತೆರೆಯಿತು, ಮನೆ ಹಾರಿಹೋಗುವಷ್ಟು ಜೋರಾಗಿ "ಚಿಂವ್!" ಅಂದಿತು. ಗುಬ್ಬಕ್ಕನಿಗೆ ಎಷ್ಟು ಸಂತೋಷವಾಯಿತು ಅಂದರೆ, ತಂದ ಹುಳವನ್ನು ಮರೆತು ತಾನೇ ನುಂಗಿಬಿಟ್ಟಳು!

ಕಡಲಮ್ಮ ಇದನ್ನೆಲ್ಲ ನೋಡುತ್ತಾ ನಿಂತಿದ್ದಳು. ಮೈಯೆಲ್ಲ ಥಳಥಳ ಹೊಳೆಯುತ್ತಿತ್ತು. "ಬಂದೆಯಾ ನನ್ನ ತಾಯೀ" ಅಂತ ಹೇಳಬೇಕು ಅನ್ನಿಸಿತು. ಬಾಯಿ ತೆರೆದಳು. ಬಂದ ಮಾತೇನು?

"ಅಯ್ಯಯ್ಯೋ, ಸೆಕೆ! ಒಂದೇ ಸಲಕ್ಕೆ ಇಷ್ಟು ಸುಡೋದಾ!"

ಈ ಸಲ ಬಿಸಿಲಮ್ಮ ಅಳಲಿಲ್ಲ, ನಕ್ಕಳು. ಆದರೆ ಅಪ್ಪನಿಗೆ ಕೊಟ್ಟ ಮಾತು ಮಾತೇ. "ಬರ್ತೀನಿ ಅತ್ತೆ" ಅಂತ ಮೋಡದ ಬಾಗಿಲು ಎಳೆದುಕೊಂಡು ಹೊರಟಳು. ಅವಳು ಎದ್ದದ್ದೇ ತಡ, ಮಳೆ ಬಂದು ಅದೇ ಜಾಗದಲ್ಲಿ ಕಾಲು ಚಾಚಿದಳು. ಅರ್ಧ ಗಳಿಗೆಯಾಗಲಿಲ್ಲ, ಕಡಲಮ್ಮ "ಏನು ಹಾಳು ಮಳೆಯಪ್ಪಾ ಇದು!" ಅಂದಳು. ಬಿಸಿಲಮ್ಮ ಬಂದಳು. "ಅಯ್ಯೋ ಸೆಕೆ!" ಅಂದಳು ಅತ್ತೆ. ಬಿಸಿಲಮ್ಮ ಹೋದಳು. "ಅಯ್ಯೋ ಚಳಿ!" ಬಂದಳು. ದಾರಿಯಲ್ಲಿ ಅತ್ತಿಗೆ ನಾದಿನಿಯರು ಎದುರುಬದುರಾದರೆ ಒಂದು ಗಳಿಗೆ ನಿಂತು ಒಬ್ಬರಿಗೊಬ್ಬರು ಬಣ್ಣದ ಟೇಪು ಕಟ್ಟಿ ಜಡೆ ಹೆಣೆದುಕೊಳ್ಳುತ್ತಿದ್ದರು, ಅದೇ ಕಾಮನಬಿಲ್ಲು.

ಹೀಗೇ ಬಂದು, ಹೋಗಿ, ಬಂದು, ಹೋಗಿ, ಗೋಧಿ ಸ್ವಲ್ಪ ಸ್ವಲ್ಪವಾಗಿ ಮಾಗಿತು. ಗುಬ್ಬಿಮರಿಗಳಿಗೆ ರೆಕ್ಕೆ ಬಲಿಯಿತು. ಆ ಚಿಕ್ಕದೇ ಎಲ್ಲಕ್ಕಿಂತ ಮೊದಲು ಹಾರಿತು ನೋಡು! ಕಡಲಮ್ಮ ಅದನ್ನು ನೋಡಿ, "ಏನು ಗಲಾಟೆಯಪ್ಪಾ ಈ ಮರಿಗಳದ್ದು" ಅಂತ ಗೊಣಗಿದಳು. ಮನೆಯಲ್ಲಿ ಯಾರೂ ತಪ್ಪು ತಿಳಿಯಲಿಲ್ಲ.

ಬಿಸಿಲಮ್ಮ ಒಂದೇ ಸಲ ಬಂದು ನೆಟ್ಟಗೆ ನಿಲ್ಲಬಾರದಾ ಅಂತ ಕೇಳ್ತೀಯ? ನಾನೂ ಕೇಳಿದ್ದೀನಿ! ಒಂದು ವರ್ಷ ಚುರುಕು ಬಿಸಿಲು ಕಂಡು ಮರುಳಾಗಿ ಹಿತ್ತಲಲ್ಲಿ ಸಂಡಿಗೆ ಇಟ್ಟೆ. ಒಳಗೆ ಹೋಗಿ ಕೈ ತೊಳೆದು ಬರುವಷ್ಟರಲ್ಲಿ ಸಂಡಿಗೆಯೆಲ್ಲ ಗಂಜಿ! ಆವತ್ತು ಕಡಲಮ್ಮನಿಗೂ ಸೊಸೆಗೂ ಸೇರಿಸಿ ಬೈದಿದ್ದೇ ಬೈದಿದ್ದು. ಆದರೆ ಏನು ಮಾಡೋದು, ಅವರ ಸಂಸಾರ ನಡೆಯೋದೇ ಹಾಗೆ.

ಈ ಊರಿನ ಜನ ಕಡಲಮ್ಮನ ಮಡಿಲಲ್ಲಿ ಬೆಳೆದವರು, ಅವಳ ಮಾತೇ ಅವರಿಗೂ ಬಂತು. ನಾನು ಹೊಸದಾಗಿ ಇಲ್ಲಿಗೆ ಬಂದಾಗ ಈ ಬೀದಿಯಲ್ಲಿ ಯಾರೂ ನನ್ನನ್ನು "ಬಾಮ್ಮಾ, ಊಟ ಆಯ್ತಾ" ಅಂತ ಕೇಳಲಿಲ್ಲ. ಪಕ್ಕದ ಮನೆಯ ಮೇವಿಸ್ ಮಾತ್ರ ದಿನಾ ಬೇಲಿ ಹತ್ತಿರ ಬಂದು ನಿಂತು, "ಎಂಥ ದರಿದ್ರ ಹವಾ, ಅಲ್ವಾ?" ಅನ್ನುತ್ತಿದ್ದಳು. ಇವಳೇನು ಹೀಗೆ ಮುಖ ಸಿಂಡರಿಸ್ತಾಳೆ, ನನ್ನ ಕಂಡರೆ ಆಗಲ್ವೇನೋ ಅಂತ ಒಳಗೆ ಬಂದು ಅತ್ತಿದ್ದೂ ಉಂಟು. ಆಮೇಲೆ ಒಂದು ದಿನ ನಾನೂ ಧೈರ್ಯ ಮಾಡಿ, "ಹೌದ್ರೀ, ಬಟ್ಟೆನೇ ಒಣಗ್ತಿಲ್ಲ" ಅಂದೆ. ಅವಳ ಮುಖ ಅರಳಿಬಿಟ್ಟಿತು! ಒಳಗೆ ಹೋಗಿ ಎರಡು ಕಪ್ ಟೀ ತಂದಳು. ದಿನಾ ಅವಳು ನನ್ನನ್ನು ಕರೆಯುತ್ತಲೇ ಇದ್ದಳು ಕಣೇ, ನನಗೇ ಕೇಳಿಸಿರಲಿಲ್ಲ.

ಅದಕ್ಕೇ ನೋಡು, ಇವತ್ತಿಗೂ ಇಲ್ಲಿಯ ಬೇಸಿಗೆಯಲ್ಲಿ ಜನ ತಲೆ ಮೇಲೆ ತಂಪು ಕನ್ನಡಕ ಏರಿಸಿ, ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು, ಬಸ್ ಸ್ಟಾಪಿನಲ್ಲಿ ಒಬ್ಬರಿಗೊಬ್ಬರು ಗೊಣಗುತ್ತಾ ನಿಂತಿರುತ್ತಾರೆ, ಅವರ ತಲೆಯ ಮೇಲೆ ಮೋಡ ಸರಿಸಿಕೊಂಡು ಬಿಸಿಲಮ್ಮ "ಬಂದೆ ಅತ್ತೆ" ಅಂತ ಇಣುಕುತ್ತಾಳೆ.