ತಿಪ್ಪೇಶ ತೆಗೆದ ಸಿನಿಮಾ

ಹರಿಹರದ ಆಚೆ, ತುಂಗಭದ್ರೆಯ ದಂಡೆಗೆ ಒಂದು ಹಳೇ ಹತ್ತಿ ಗೋದಾಮು. ಅಲ್ಲಿ ಮುರಿಗೆಪ್ಪ ಮೇಷ್ಟ್ರು ಭಾನುವಾರ ಮಧ್ಯಾಹ್ನ ಸಿನಿಮಾ ತೋರಿಸುತ್ತಿದ್ದರು. ಕಿಟಕಿಗೆ ಕಂಬಳಿ, ಗೋಡೆಗೆ ಬಿಳಿ ಪಂಚೆ.

ಹೊಡೆದಾಟ, ಹಾಡು ಇರುವಂಥ ಸಿನಿಮಾಗಳಲ್ಲ. ಯಾವುದೋ ದೇಶದಲ್ಲಿ ಯಾರೋ ಒಬ್ಬ ಮನೆಮಠ ಮರೆತು ತೆಗೆದದ್ದು. ಥಿಯೇಟರಿನಿಂದ ವಾರದೊಳಗೆ ಎತ್ತಂಗಡಿಯಾದದ್ದು. ಆಮೇಲೆ ಎಲ್ಲೋ ನಾಲ್ಕು ಜನ ಎದೆಗೆ ಅವಚಿಕೊಂಡು ಉಳಿಸಿದ್ದು.

ತಿಪ್ಪೇಶ ಒಂದು ಬೇಸಿಗೆಯಲ್ಲಿ ಬಿಸಿಲಿಗೆ ಅಂಜಿ ಒಳಗೆ ಬಂದವನು. ಮತ್ತೆ ಹೊರಗೆ ಹೋಗಲೇ ಇಲ್ಲ ಅನ್ನಬೇಕು.

"ಇವನ್ನು ನೋಡಿ ಏನಾಗಬೇಕು ಮೇಷ್ಟ್ರೇ?" ಎಂದು ಆಗ ಕೇಳಿದ್ದ.

"ಏನೂ ಆಗಬೇಕಿಲ್ಲ. ನೋಡು."

ಅವನು ನೋಡಿದ. ನೋಡುತ್ತಾ ನೋಡುತ್ತಾ ತಾನೂ ಒಂದು ತೆಗೆಯಬೇಕು ಅನ್ನಿಸಿತು. ಮೇಷ್ಟ್ರು ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ.

ಅದಕ್ಕೆ ವರ್ಷಗಳೇ ಹಿಡಿದವು. ಹೆಂಡತಿ ತವರಿಗೆ ಹೋದಳು. ಕರೆತರಲು ಅವನು ಹೋಗಲಿಲ್ಲ, ಎಡಿಟಿಂಗ್ ಇತ್ತು. ಮುಖ್ಯ ಪಾತ್ರಕ್ಕೆ ತನ್ನ ಅವ್ವ ದ್ಯಾಮವ್ವನನ್ನೇ ನಿಲ್ಲಿಸಿದ್ದ. ಸಿನಿಮಾ ಮುಗಿಯುವ ಮೊದಲೇ ಅವಳು ತೀರಿಕೊಂಡಳು. ಮಣ್ಣು ಮಾಡಿ ಬಂದವನು ಮತ್ತೆ ಎಡಿಟಿಂಗಿಗೆ ಕೂತ.

ಚಿತ್ರೋತ್ಸವಗಳಿಗೆ ಕಳಿಸಿದ. ಯಾರೂ ತೆಗೆದುಕೊಳ್ಳಲಿಲ್ಲ. ಕಡೆಗೆ ಮೇಷ್ಟ್ರ ಗೋದಾಮಿಗೇ ತಂದ.

ಆ ಭಾನುವಾರ ಜನ ಬಂದರು. ಪರವಾಗಿಲ್ಲ ಅನ್ನುವಷ್ಟೇ ಬಂದರು. ಸಿನಿಮಾ ಶುರುವಾಯಿತು.

ಮೊದಲು ಎದ್ದವರು ಫೋನ್ ಬಂತು ಎಂದು ಎದ್ದರು. ಫೋನ್ ಬಂದಿರಲಿಲ್ಲ. ಇನ್ನೊಬ್ಬರು ಕೆಮ್ಮುತ್ತಾ ಹೋದರು. ಆಮೇಲಿನವರು ನೆಪ ಹುಡುಕುವ ಗೋಜಿಗೂ ಹೋಗಲಿಲ್ಲ. ಪ್ರತಿ ಸಲ ಬಾಗಿಲು ತೆರೆದಾಗಲೂ ಬಿಸಿಲು ಬಂದು ಪಂಚೆಯ ಮೇಲೆ ಬೀಳುತ್ತಿತ್ತು, ಅವ್ವನ ಮುಖ ಅಳಿಸಿಹೋಗುತ್ತಿತ್ತು.

ಮುಗಿದಾಗ ಕೂತಿದ್ದವರು ಮೇಷ್ಟ್ರು ಒಬ್ಬರೇ.

ತಿಪ್ಪೇಶ ಅವರ ಪಕ್ಕ ಬಂದು ನಿಂತ. ಅವನೇ ಮಾತು ತೆಗೆದ.

"ಇವತ್ತು ಎದ್ದು ಹೋದರು. ನಾಳೆ ಹುಡುಕಿಕೊಂಡು ಬರ್ತಾರೆ. ಹಂಗೆ ಬದುಕಿದ ಸಿನಿಮಾಗಳನ್ನ ನೀವೇ ತೋರಿಸಿದೀರಿ."

"ತೋರಿಸಿದೀನಿ. ಯಾರೂ ಹುಡುಕದೇ ಸತ್ತವು ಅದಕ್ಕಿಂತ ಹೆಚ್ಚು. ಅವು ತೋರಿಸೋಕೆ ನನಗೂ ಸಿಗಲಿಲ್ಲ."

"ಹಂಗಾದ್ರೆ ನೀವೇ ಹೇಳಿ. ಹೆಂಗಿದೆ?"

ಮೇಷ್ಟ್ರು ಕನ್ನಡಕ ತೆಗೆದು ಉಟ್ಟ ಪಂಚೆಯ ಚುಂಗಿನಲ್ಲಿ ಒರೆಸಿದರು.

"ಚೆನ್ನಾಗಿಲ್ಲ, ತಿಪ್ಪೇಶ."

ಅವರು ಕನ್ನಡಕ ಹಾಕಿಕೊಂಡು ಗೋಡೆಯ ಪಂಚೆಯ ಕಡೆ ಕೈ ತೋರಿಸಿದರು.

"ಆ ಉದ್ದನೆ ನಡಿಗೆ ಹಂಗೇರಿ ಸಿನಿಮಾದವನದು. ಬಾಗಿಲ ಸಂದಿನ ಬೆಳಕು ಬಂಗಾಳದವನದು. ಮಾತಿಲ್ಲದೆ ಊಟ ಮಾಡೋದು, ಅದೂ ಇದೇ ಪಂಚೆ ಮೇಲೆ ನೀನು ನೋಡಿದ್ದೇ. ಎಲ್ಲಾ ನನಗೆ ಗುರುತು ಸಿಕ್ಕಿತು."

"ಎಲ್ಲಾನೂ?"

ಮೇಷ್ಟ್ರು ಉತ್ತರ ಕೊಡುವುದಕ್ಕೂ ಅವನು ಕಾಯಲಿಲ್ಲ. ಹಾರ್ಡ್ ಡಿಸ್ಕು ಕಿತ್ತುಕೊಂಡು ಹೊರಗೆ ನಡೆದ.

ನದಿಯಲ್ಲಿ ನೀರು ಇಳಿದಿತ್ತು. ಅವನು ಬಂಡೆಯ ಮೇಲೆ ಕೂತು ಡಿಸ್ಕನ್ನು ಅಂಗೈಯಲ್ಲಿಟ್ಟುಕೊಂಡ. ಹೆಂಡತಿ, ಹೋದ ವರ್ಷಗಳು, ಅವ್ವ, ಎಲ್ಲಾ ಸೇರಿ ಇಷ್ಟೇ ಭಾರ. ಅಳು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ.

ಮೇಷ್ಟ್ರು ನಿಧಾನಕ್ಕೆ ದಂಡೆ ಇಳಿದು ಬಂದರು. ಪಕ್ಕದಲ್ಲಿ ಕೂತು ಉಸಿರು ಸುಧಾರಿಸಿಕೊಂಡರು.

"ಎಸೀತೀಯ?"

"ಹೂಂ."

"ಇನ್ನೊಂದು ಕಾಪಿ?"

"ಇಲ್ಲ."

"ಎಸಿ. ನಿನ್ನದು, ನಾನ್ಯಾಕೆ ಬೇಡ ಅನ್ನಲಿ. ಅದಕ್ಕೆ ಮುಂಚೆ ಒಂದು ಕೇಳ್ತೀನಿ, ಹೇಳು."

ತಿಪ್ಪೇಶ ನೀರನ್ನೇ ನೋಡುತ್ತಿದ್ದ.

"ನಿಮ್ಮವ್ವ ಗೋಡೆ ಹತ್ತಿರ ನಿಂತಿದಾರಲ್ಲ, ಬಿಸಿಲಲ್ಲಿ. ನಿಂತವರು ಇದ್ದಕ್ಕಿದ್ದಂಗೆ ನಮ್ಮ ಕಡೆ ತಿರುಗ್ತಾರೆ. ಅದು ಮಾತ್ರ ನಾನು ಎಲ್ಲೂ ನೋಡಿದ್ದಲ್ಲ."

"ಅದು ತಪ್ಪು ಶಾಟು ಮೇಷ್ಟ್ರೇ. ಕ್ಯಾಮೆರಾ ನೋಡಬೇಡ ಅಂದಿದ್ದೆ. ಬೆಳಕು ಚೆನ್ನಾಗಿತ್ತು ಅಂತ ಉಳಿಸಿಕೊಂಡೆ."

"ತಿರುಗಿ ಏನೋ ಅಂತಾರೆ. ಅಲ್ಲಿ ನೀನು ಕೊಳಲು ಹಾಕಿದೀಯ."

"ಆವತ್ತು ಮೈಕ್ ಕೆಟ್ಟಿತ್ತು. ಶಬ್ದ ಬಂದಿಲ್ಲ."

"ಇರಲಿ. ನೀನು ಅಲ್ಲೇ ನಿಂತಿದ್ದೆಯಲ್ಲ. ಏನಂದರು?"

ತಿಪ್ಪೇಶ ಹೇಳಲು ಬಾಯಿ ತೆರೆದ.

ಆ ಶಾಟು ಅವನಿಗೆ ಕಂಠಪಾಠ. ಬೆಳಗಿನಿಂದ ಅವಳನ್ನು ಅಲ್ಲಿ ನಿಲ್ಲಿಸಿದ್ದ. ಗೋಡೆಯ ಮಣ್ಣು ಯಾವ ಬಣ್ಣಕ್ಕೆ ತಿರುಗಿತ್ತು, ಅವಳ ಕೆನ್ನೆಯ ಮೇಲೆ ನೆರಳು ಎಲ್ಲಿತನಕ ಬಂದಿತ್ತು, ಸೆರಗು ಯಾವಾಗ ಹಾರಿತು, ಎಲ್ಲಾ ಗೊತ್ತಿತ್ತು. ಅವಳು ಅವನ ಕಡೆ ತಿರುಗಿದ್ದಳು. ಅವನಿಗೇ ಏನೋ ಹೇಳಿದ್ದಳು. ನೀರು ಕೇಳಿದಳೋ, ಸಾಕೇನೋ ಅಂದಳೋ, ಉಂಡೆಯಾ ಅಂತ ಕೇಳಿದಳೋ.

ಅವನು ಎಷ್ಟು ತಡಕಾಡಿದರೂ ಆ ದನಿ ಸಿಗಲಿಲ್ಲ.

"ಗೊತ್ತಿಲ್ಲ ಮೇಷ್ಟ್ರೇ," ಅಂದ. "ನಾನು ಬೆಳಕು ನೋಡ್ತಿದ್ದೆ."

ಡಿಸ್ಕು ಜಾರಿ ನೀರಿಗೆ ಬಿದ್ದೀತೆಂದು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇನ್ನು ಯಾರನ್ನ ಕೇಳಲಿ? ಯಾರಿಗೆ ಗೊತ್ತಿರುತ್ತೆ?"

ಮೇಷ್ಟ್ರು ಅವನ ಭುಜ ಹಿಡಿದುಕೊಂಡು ಎದ್ದರು. ಎದ್ದ ಮೇಲೂ ಕೈ ತೆಗೆಯಲಿಲ್ಲ.

"ಬಾ. ಇನ್ನೊಂದು ಸಲ ಹಾಕು. ಇಬ್ಬರೂ ಕೂತು ಅವರ ತುಟಿ ನೋಡೋಣ."