ರೊಟ್ಟಿ ಸಂಘದ ವೆಬ್‌ಸೈಟು

ಶಿಷ್ಯ ಕೇಳಿದ: “ಗುರುಗಳೇ, ವೆಬ್‌ಸೈಟ್ ಮಾಡಲು ಎಲ್ಲಕ್ಕಿಂತ ಒಳ್ಳೆಯ ಸಾಫ್ಟ್‌ವೇರ್ ಯಾವುದು?”

ಮಠದ ಉಚಿತ ವಸತಿನಿಲಯಕ್ಕೆ ಆ ವರ್ಷ ಅರ್ಜಿಗಳನ್ನು ವೆಬ್‌ಸೈಟಿನ ಮೂಲಕವೇ ತೆಗೆದುಕೊಳ್ಳುವುದೆಂದು ತೀರ್ಮಾನವಾಗಿತ್ತು. ಮಾಡಿಕೊಡುತ್ತೇನೆಂದು ಮುಂದೆ ಬಂದವನು ಶಿಷ್ಯನೇ. ಅರ್ಜಿ ತೆಗೆದುಕೊಳ್ಳುವ ದಿನಕ್ಕೆ ಇನ್ನು ಹತ್ತು ದಿನ ಉಳಿದಿತ್ತು. ಮೂರು ವಾರದಿಂದ ಕುಳಿತಿದ್ದೇನೆ, ಈಗಿರುವ ಸಾಫ್ಟ್‌ವೇರ್ ಸರಿಯಿಲ್ಲ, ಬೇರೊಂದು ತರಿಸಬೇಕು ಎಂದು ಅವನು ವಿವರಿಸಿದ. ಗುರುಗಳು ಪೂರ್ತಿ ಕೇಳಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಜೋಳದ ರೊಟ್ಟಿ ಮಾಡಿ ಮಾರುವ ಹೆಂಗಸರ ಸಂಘವಿತ್ತು. ಹನ್ನೊಂದು ಮಂದಿ. ಅವರ ಖಡಕ್ ರೊಟ್ಟಿಯನ್ನೆಲ್ಲ ಒಬ್ಬ ವ್ಯಾಪಾರಿ ಕೊಳ್ಳುತ್ತಿದ್ದ. ದರವನ್ನು ಅವನೇ ಹೇಳುತ್ತಿದ್ದ. ಒಂದು ವರ್ಷ ಹೆಂಗಸರಿಗೆ ಸಾಕಾಯಿತು. ನಗರದ ವಸ್ತುಪ್ರದರ್ಶನದಲ್ಲಿ ಮೂರು ದಿನ ಮಳಿಗೆ ಹಾಕುವುದು, ರುಚಿ ನೋಡಿದವರು ಆಮೇಲೆ ವೆಬ್‌ಸೈಟಿನಲ್ಲಿ ಮನೆಯಿಂದಲೇ ತರಿಸಿಕೊಳ್ಳುವಂತೆ ಮಾಡುವುದು ಎಂದು ಗೊತ್ತುಮಾಡಿಕೊಂಡರು. ಇನ್ನು ನಿಮಗೆ ರೊಟ್ಟಿ ಇಲ್ಲ ಎಂದು ವ್ಯಾಪಾರಿಗೆ ಹೇಳಿಯೂ ಬಿಟ್ಟರು.

ಸಂಘದ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದವರು ನಿವೃತ್ತ ಹೆಡ್‌ಮಾಸ್ತರರೊಬ್ಬರು. ಅಲ್ಲಿ ಕಂಪ್ಯೂಟರ್ ಮುಟ್ಟಬಲ್ಲವರು ಅವರೊಬ್ಬರೇ. ಪತ್ರ ಟೈಪು ಮಾಡುತ್ತಿದ್ದರು. ವೆಬ್‌ಸೈಟನ್ನು ನನಗೆ ಬಿಡಿ ಎಂದರು. ಹೆಂಗಸರು ಬಿಟ್ಟರು. ಅದರ ವಿಳಾಸವನ್ನು ರೊಟ್ಟಿಯ ಪಾಕೀಟಿನ ಮೇಲೆ ಅಚ್ಚು ಹಾಕಿಸಿದರು.

ಮಾಸ್ತರರು ಸಾಫ್ಟ್‌ವೇರ್ ತೆರೆದರು. ಅದು ಮೊದಲಿಗೆ ಒಂದು ಪ್ರಶ್ನೆ ಕೇಳಿತು: ಈ ಕೆಲಸ ನಿಮಗೆ ಎಷ್ಟು ಗೊತ್ತು? ಕೆಳಗೆ ಮೂರು ಗುಂಡಿಗಳಿದ್ದವು. ಹೊಸಬರು, ಸ್ವಲ್ಪ ಬಲ್ಲವರು, ನುರಿತವರು. ಹೊಸಬರು ಎಂದು ಒತ್ತಿದರೆ ಸಿದ್ಧ ಪುಟ ಬರುತ್ತಿತ್ತು; ಹೆಸರು, ಚಿತ್ರ, ದರ ತುಂಬಿದರೆ ಮುಗಿಯಿತು. ನುರಿತವರು ಎಂದು ಒತ್ತಿದರೆ ಖಾಲಿ ಪರದೆ. ಪ್ರತಿಯೊಂದನ್ನೂ ಕೋಡ್ ಬರೆದು ಕಟ್ಟಬೇಕು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಮೂವತ್ತು ವರ್ಷ ಪಾಠ ಹೇಳಿದ ಕೈ ಮೊದಲನೆಯ ಗುಂಡಿಯ ಕಡೆಗೆ ಹೋಗಲಿಲ್ಲ. ಮೂರನೆಯದನ್ನು ಒತ್ತಿತು.

ಒಂದು ದಪ್ಪ ಪುಸ್ತಕ ತರಿಸಿ, ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತ ಓದಿದರು. ಮೊದಲ ವಾರದ ಕೊನೆಗೆ ಪರದೆಯ ಎಡಮೂಲೆಯಲ್ಲಿ ಸಂಘದ ಹೆಸರು ಕಾಣಿಸಿತು. ಎರಡನೆಯ ವಾರ ಅದು ನಡುವಿಗೆ ಬಂತು. ಮೂರನೆಯ ವಾರ ರೊಟ್ಟಿಯ ಚಿತ್ರ ಸೇರಿಸಿದಾಗ ಹೆಸರು ಮತ್ತೆ ಎಡಮೂಲೆಗೆ ಹೋಯಿತು. ವಿಚಾರಿಸಿದವರಿಗೆಲ್ಲ, ಇದು ದೊಡ್ಡ ಕಂಪನಿಗಳು ಬಳಸುವಂಥದ್ದು, ಸಮಯ ಹಿಡಿಯುತ್ತದೆ ಎನ್ನುತ್ತಿದ್ದರು.

ಪ್ರದರ್ಶನಕ್ಕೆ ಎರಡು ದಿನ ಇರುವಾಗ ಸಂಘದ ಹಿರಿಯಳು ಅಚ್ಚಾಗಿ ಬಂದಿದ್ದ ಪಾಕೀಟಿನ ಕಟ್ಟು ಒಯ್ಯಲು ಮಾಸ್ತರರ ಕೋಣೆಗೆ ಬಂದಳು. ಸ್ವಲ್ಪ ಹೊತ್ತು ನಿಂತು ಪರದೆ ನೋಡಿದಳು.

“ಮಾಸ್ತರ, ಕೈಲೆ ರೊಟ್ಟಿ ಬಡಿಯಾಕ ಬರದಾಕಿ ನಮ್ಮಲ್ಲಿ ಲಟ್ಟಣಿಗಿಲೆ ಲಟ್ಟಿಸ್ತಾಳ್ರಿ. ಪಾಕೀಟಿನಾಗ ಹೋದಮ್ಯಾಲೆ ಯಾವ್ದು ಬಡಿದಿದ್ದು, ಯಾವ್ದು ಲಟ್ಟಿಸಿದ್ದು ಅಂತ ಯಾರೂ ಕೇಳಂಗಿಲ್ಲ. ನಿಮ್ಮ ಮಷೀನಿನಾಗ ಲಟ್ಟಣಿಗಿ ಇಲ್ಲೇನ್ರಿ?”

“ಐತವ್ವ,” ಎಂದರು ಮಾಸ್ತರರು. “ಆದರ ಅದು ಬರದವರಿಗೆ ಇಟ್ಟದ್ದು.”

ಅವಳು ಕಟ್ಟು ಹೊತ್ತುಕೊಂಡು ಹೋದಳು.

ಪ್ರದರ್ಶನದಲ್ಲಿ ಮೂರು ದಿನಕ್ಕೆಂದು ತಂದ ರೊಟ್ಟಿ ಎರಡೇ ದಿನಕ್ಕೆ ಖಾಲಿಯಾಯಿತು. ಜನ ಮನೆಗೆ ಹೋಗಿ ತಿಂದರು, ಪಾಕೀಟಿನ ಮೇಲಿನ ವಿಳಾಸ ನೋಡಿ ವೆಬ್‌ಸೈಟ್ ತೆರೆದರು. ಎಡಮೂಲೆಯಲ್ಲಿ ಸಂಘದ ಹೆಸರಿತ್ತು. ರೊಟ್ಟಿ ಬೇಕೆಂದು ತಿಳಿಸಲು ಜಾಗವಿರಲಿಲ್ಲ. ಕೆಲವರು ಮರುದಿನವೂ ತೆರೆದು ನೋಡಿದರು. ಆಮೇಲೆ ಹತ್ತಿರದ ಅಂಗಡಿಯಲ್ಲಿ ಬೇರೆ ರೊಟ್ಟಿ ಕೊಂಡರು.

ತಿಂಗಳ ಕೊನೆಗೆ ಹೆಂಗಸರು ಹಳೆಯ ವ್ಯಾಪಾರಿಯ ಬಾಗಿಲಿಗೆ ಹೋದರು. ಅವನು ಕೂರಿಸಿ ಚಹಾ ಕೊಟ್ಟ. ಮೊದಲಿಗಿಂತ ಕಡಿಮೆ ದರ ಹೇಳಿದ. ಒಪ್ಪಿಕೊಂಡು ಬಂದರು. ಅಷ್ಟರಲ್ಲಿ ಮಾಸ್ತರರು ಸಂಘಕ್ಕೆ ಒಂದು ಪತ್ರ ಬರೆದಿಟ್ಟಿದ್ದರು: ಈ ಸಾಫ್ಟ್‌ವೇರ್ ಸರಿಯಿಲ್ಲ, ಇದಕ್ಕಿಂತ ಒಳ್ಳೆಯದನ್ನು ತರಿಸಬೇಕು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ನಗು ಬಂತು. ಮೊದಲನೆಯ ಗುಂಡಿ ಕಣ್ಣೆದುರಿಗೇ ಇತ್ತಲ್ಲ, ಆ ಮಾಸ್ತರರಿಗೆ ಎಂಥ ಹಟ ಎಂದ.

ಗುರುಗಳು ಕೇಳಿದರು: “ನಿನ್ನನ್ನು ಕೇಳಿದಾಗ ನೀನು ಯಾವುದನ್ನು ಒತ್ತಿದೆ?”