ಹೆರಿಗೆಗೆ ಬಂದ ಚಿಟ್ಟೆ

ಮೊಟ್ಟೆ ಇಡುವ ದಿನ ಹತ್ತಿರ ಬಂದಂತೆ ಚಿಟ್ಟೆಗೆ ತವರಿನ ನೆನಪು ಕಾಡತೊಡಗಿತು. ಹುಳುವಾಗಿದ್ದಾಗ ತಾನು ತಿಂದು ಬೆಳೆದ ಈಶ್ವರಿ ಬಳ್ಳಿಯ ಕಹಿಯನ್ನು ಅದು ಮರೆತಿರಲಿಲ್ಲ. ಹುಡುಕಿಕೊಂಡು ಹಳೆಯ ತೋಟಕ್ಕೆ ಬಂದರೆ, ಬಳ್ಳಿಯಿದ್ದ ಬೇಲಿಯುದ್ದಕ್ಕೂ ಲಂಟಾನ ಹೂಬಿಟ್ಟು ನಿಂತಿತ್ತು.

"ದಾರಿಯುದ್ದಕ್ಕೂ ನಮ್ಮವರ ಜೇನು ಕುಡಿದುಕೊಂಡೇ ಬಂದೆಯಲ್ಲ ತಾಯಿ, ಹೆರಿಗೆಗೆ ಮಾತ್ರ ನಮ್ಮನೆ ಆಗದೋ?" ಎಂದಿತು ಲಂಟಾನ.

"ಊಟ ಚೆನ್ನಾಗಿತ್ತು ಅತ್ತೆಮ್ಮ. ಆದರೆ ನಿನ್ನ ಎಲೆ ನನ್ನ ಮಕ್ಕಳ ಬಾಯಿಗೆ ಹತ್ತದು. ಇಲ್ಲಿದ್ದ ಬಳ್ಳಿ ಎಲ್ಲಿ?"

"ಯಜಮಾನಿ ಅದನ್ನು ಕಳೆಯೆಂದು ಕಿತ್ತಳು, ನನ್ನನ್ನು ಹೂವೆಂದು ನೆಟ್ಟಳು. ನಾನೇನು ಮಾಡಲಿ?"

ಆಗ ಲಂಟಾನದ ಬುಡದಿಂದ ಸಣ್ಣ ದನಿ ಕೇಳಿತು: "ಅಕ್ಕಾ, ಉಳಿದ ಬೇರಿನಿಂದ ನಾನು ಚಿಗುರಿದ್ದೇನೆ. ಇರುವುದು ನಾಲ್ಕೇ ಎಲೆ."

"ಸ್ವಲ್ಪ ಸರಿದು ನಿಲ್ಲು, ಅದಕ್ಕೂ ಬಿಸಿಲು ಬೀಳಲಿ," ಎಂದು ಚಿಟ್ಟೆ ಲಂಟಾನವನ್ನು ಬೇಡಿತು.

"ಹಬ್ಬುವುದು ಗೊತ್ತು ತಾಯಿ, ಸರಿಯುವುದನ್ನು ನನಗೆ ಯಾರೂ ಕಲಿಸಲಿಲ್ಲ."

ಚಿಟ್ಟೆ ಮುಳ್ಳುಗಳ ನಡುವೆ ನುಸುಳಿ, ನಾಲ್ಕು ಎಲೆಗೆ ಒಂದೇ ಮೊಟ್ಟೆ ಇಟ್ಟಿತು. ಉಳಿದವನ್ನು ಹೊಟ್ಟೆಯಲ್ಲೇ ಹೊತ್ತುಕೊಂಡು ಪಕ್ಕದ ತೋಟಕ್ಕೆ ಹಾರಿತು. ಅಲ್ಲೂ ಬೇಲಿಯ ತುಂಬ ಲಂಟಾನ ಹೂಬಿಟ್ಟು, ಊಟಕ್ಕೆ ಬಾ ಎಂದು ಕರೆಯುತ್ತಿತ್ತು.